ಮುಚ್ಚಿದ ಒಲೆ

ಬೆಳಗಿನ ಜಾವ ಮೂರು, ಅಟಕಾಮ.
ಮೇಲಿನ ಬಯಲಲ್ಲಿ ಅರವತ್ತಾರು ಆಂಟೆನಾ
ಒಟ್ಟಿಗೇ ಕತ್ತು ಹೊರಳಿಸುತ್ತವೆ.
ಕೆಳಗಿನ ಕೋಣೆಯಲ್ಲಿ ನೊಲ್ಬೆರ್ತಾ ಕೋಲ್ಕೆ
ಕೋಕಾ ಚಹಾ ಮರೆತು ಕೂತಿದ್ದಾಳೆ.

ಎರಡು ಗೆಲಾಕ್ಸಿ, ಒಂದರೊಳಗೊಂದು.
ಬರಿಗಣ್ಣ ಬೆಳಕಿಗೆ ಧೂಳು, ಹರಿದ ಬಾಲ;
ಅವಕೆಂಪಿಗೆ ಮಾತ್ರ
ಬೂದಿ ಮುಚ್ಚಿದ ಕೆಂಡ.
ವರ್ಷಕ್ಕೆ ನೂರು ಸೂರ್ಯರು ಅಂತ ಲೆಕ್ಕ.

"ಜಗಳವೋ, ಮದುವೆಯೋ?" ಚಾಲಕ ಅನಿಸೆತೊ ಕೇಳುತ್ತಾನೆ.
ನಕ್ಷತ್ರಕ್ಕೆ ನಕ್ಷತ್ರ ತಾಗುವುದೂ ಇಲ್ಲ,
ಅನಿಲ ಮಾತ್ರ ಡಿಕ್ಕಿ ಹೊಡೆದು ಹೊತ್ತಿಕೊಳ್ಳುತ್ತೆ,
ಅನ್ನುತ್ತಾಳೆ.
ಅವನಿಗೆ ಅದು ಉತ್ತರವಲ್ಲ.

ತೊಕೊನಾವ್‌ನಲ್ಲಿ ಅವಳಜ್ಜಿ
ರೊಟ್ಟಿಯೊಲೆಯ ಬಾಯಿಗೆ ಕೆಸರು ಮೆತ್ತಿ
ಹೊರಗೋಡೆಗೆ ಅಂಗೈ ಒತ್ತಿ ಹೇಳುತ್ತಿದ್ದಳು:
ಇನ್ನೂ ಇಲ್ಲ. ಇನ್ನೂ ಇಲ್ಲ.
ಈಗ.

ಪರದೆಯ ಮೇಲೊಂದು ಬಿಸಿ ಚುಕ್ಕೆ.
ಇಪ್ಪತ್ತೈದು ಕೋಟಿ ವರ್ಷ ಹಳಸಿದ 'ಈಗ'.
ಅನಿಸೆತೊ ಹೋದ ಮೇಲೆ
ನೊಲ್ಬೆರ್ತಾ
ಗಾಜಿಗೆ ಅಂಗೈ ಇಟ್ಟು ನೋಡುತ್ತಾಳೆ.