ಸೋರುವ ಜಾಗ

ಮೆಕ್ಸಿಕಾಲಿಯಲ್ಲಿ ಆಗಸ್ಟ್ ಎಂದರೆ
ನೆರಳಿಗೂ ಬೊಬ್ಬೆ ಏಳುವ ತಿಂಗಳು.
ಅಂಥ ಒಂದು ಮಧ್ಯಾಹ್ನ ಒಬ್ದೂಲಿಯಾ ಚಿಕ್ಕಮ್ಮನ ವ್ಯಾನಿನ ಎಸಿ
ಬಿಸಿಯುಸಿರು ಬಿಟ್ಟಿತು.
ಹಿಂದಿನ ಸೀಟು ಕಿತ್ತು ಮಾಡಿದ ಜಾಗದಲ್ಲಿ
ಯಾರದೋ ಮದುವೆಯ ಕೇಕು ಒಂದು ಮಗ್ಗುಲಿಗೆ ವಾಲಿ,
ಸಕ್ಕರೆಯ ವರ ವಧುವಿನ ಮೇಲೆ ಬಿದ್ದು
ಇಬ್ಬರೂ ಸೊಂಟದವರೆಗೆ ಕೆನೆಯಲ್ಲಿ ಹೂತರು.
ದುಡ್ಡು ವಾಪಸು ಕೊಟ್ಟು ಬಂದಳು. ಮಾತಾಡಲಿಲ್ಲ.

ನಾಳಿದ್ದು ಯಾರೆಲಿಗೆ ಹದಿನೈದು ತುಂಬುತ್ತದೆ.
ಮೂರಂತಸ್ತಿನ ಕೇಕು, ನೇರಳೆ ಗುಲಾಬಿ.
ಮುಂಗಡ ಆಗಲೇ ಖರ್ಚಾಗಿದೆ.

"ಗ್ಯಾಸ್ ತುಂಬಿಸು, ಸರಿಹೋಗುತ್ತೆ" ಅಂದ
ಗೋಡೆಯಾಚೆಯಿಂದ ಎಲಿಹಿಯೋ,
ಬಿಯರ್ ಕ್ಯಾನಿಗೆ ಕತ್ತು ಒತ್ತಿಕೊಳ್ಳುತ್ತ.
"ತೂತು ಕೊಡಕ್ಕೆ ಎಷ್ಟು ಸಲ ನೀರು ಹೊರಲಿ?"
ಅಂದಳು ಚಿಕ್ಕಮ್ಮ.
ಹೋದ ವರ್ಷ ಎರಡು ಸಲ ಹೊತ್ತವಳು ಅವಳೇ.

ನನ್ನ ಕೆಲಸ ಟಾರ್ಚು ಹಿಡಿಯುವುದು.
ಟಾರ್ಚು ಹಿಡಿಯುವವರಿಗೆ ಮರ್ಯಾದೆ ಇಲ್ಲ:
ಇಲ್ಲಿ ಹಿಡಿ, ಅಲ್ಲಲ್ಲ, ನನ್ನ ಕಣ್ಣಿಗಲ್ಲ,
ಎಲ್ಲಿ ನೋಡ್ತಿದ್ದೀಯ.

ಫ್ಯೂಸು ನೋಡಿದಳು. ಬದುಕಿತ್ತು.
ಬೆಲ್ಟು ತಿರುಗುತ್ತಿತ್ತು; ಕಂಪ್ರೆಸರಿನ ಕ್ಲಚ್ಚು ಮಾತ್ರ
ಹಾಜರಿ ಕರೆದರೂ ಓಗೊಡದ ಹುಡುಗನಂತೆ ಸುಮ್ಮನೆ.
ಪ್ರೆಶರ್ ಸ್ವಿಚ್ಚಿನ ಪ್ಲಗ್ಗು ಕಿತ್ತು
ಎರಡು ತೂತಿಗೂ ಒಂದು ತಂತಿಯ ತುಂಡು ಚುಚ್ಚಿದಳು.
ಟಕ್.
"ಇವನಿಗೇನೂ ಆಗಿಲ್ಲ. ಒಳಗೆ ಗ್ಯಾಸಿಲ್ಲ ಅಂತ ಸ್ವಿಚ್ಚು ಬಿಡ್ತಿಲ್ಲ.
ಬಿಡದಿರೋದೇ ಅದರ ಕೆಲಸ."
ತಂತಿ ಕೂಡಲೇ ತೆಗೆದಳು.

ಕತ್ತಲಾಗಲಿ ಎಂದು ಕಾದೆವು.
ಹಿಂದಿನ ಸಲ ಗ್ಯಾಸಿನ ಜೊತೆ ಬಣ್ಣವನ್ನೂ ಬಿಟ್ಟಿದ್ದಳಂತೆ,
ಕಳ್ಳನ ಕಾಲಿಗೆ ಸುಣ್ಣ ಬಳಿದ ಹಾಗೆ.
ಅವಳಿಗೆ ಹಳದಿ ಕನ್ನಡಕ. ನನ್ನ ಕೈಲಿ ನೇರಳೆ ಬೆಳಕು.
ಕಂಡೆನ್ಸರಿಗೆ ಪೈಪು ಸೇರುವ ಕತ್ತಿನಲ್ಲಿ
ಮಿಣುಕಿತು ಒಂದು ಹಸಿರು,
ನಿಂಬೆಸಿಪ್ಪೆಯ ಚೂರಿನಷ್ಟು.
"ಇಷ್ಟೇನಾ?"
"ಇಷ್ಟೇ."
ಎರಡು ಬೇಸಿಗೆ, ಒಂದು ಮದುವೆ
ಅಲ್ಲಿಂದಲೇ ಹೋಗಿತ್ತು.

ನಟ್ಟು ಸಡಿಲಿಸಿದಾಗ ಉಸ್ ಅನ್ನಲೂ ಗ್ಯಾಸು ಉಳಿದಿರಲಿಲ್ಲ.
ಒಣಗಿ ಬಿರಿದ ರಬ್ಬರಿನ ಉಂಗುರ ಉಗುರಲ್ಲಿ ಎಬ್ಬಿಸಿ
ಹೊಸದಕ್ಕೆ ಎಣ್ಣೆ ಸವರಿ ಕೂರಿಸಿದಳು,
ಸಕ್ಕರೆಯ ಹೂ ಕೂರಿಸುವ ಅದೇ ಎರಡು ಬೆರಳಲ್ಲಿ.

ಕಾಸ್ತುಲೋನ ಫ್ರಿಜ್ ಅಂಗಡಿಯಿಂದ ಎರವಲು ತಂದ ಪಂಪು
ಮುಕ್ಕಾಲು ಗಂಟೆ ಗೊರಗುಟ್ಟಿತು.
ತುಂಬುವ ಮೊದಲು ಬರಿದು ಮಾಡಬೇಕಂತೆ,
ಗಾಳಿಯೂ ಉಳಿಯದಂತೆ, ತೇವವೂ ಉಳಿಯದಂತೆ.
ಮುಳ್ಳು ಸೊನ್ನೆ ದಾಟಿ ಕೆಳಗಿಳಿಯಿತು.
ಕವಾಟ ಮುಚ್ಚಿ, ಪಂಪು ಆರಿಸಿ,
ಬೋರಲು ಬಕೆಟ್ಟಿನ ಮೇಲೆ ಕೂತು ನಾವಿಬ್ಬರೂ
ಏನೂ ಇಲ್ಲದ್ದು ಸೋರುತ್ತದೆಯೇ ಎಂದು
ಒಂದು ಗಂಟೆ ನೋಡಿದೆವು.

"ನಿನ್ನ ಚಿಕ್ಕಪ್ಪ ಈ ಹೊತ್ತಿಗೆ ಮೂರು ಸಲ ಎದ್ದು
ಮೀಟರು ತಟ್ಟುತ್ತಿದ್ದ" ಅಂದಳು.
"ತಟ್ಟಿದರೆ ಮುಳ್ಳು ಅಲ್ಲಾಡುತ್ತೆ.
ಸೋರ್ತಿದೆ ಅಂತ ಮತ್ತೆ ಎಲ್ಲ ಬಿಚ್ಚುತ್ತಿದ್ದ.
ಈಗ ಟಿಹುವಾನಾದಲ್ಲಿ ಯಾರದನ್ನ ಬಿಚ್ಚುತ್ತಿದ್ದಾನೋ."
ಮುಳ್ಳು ಅಲುಗಲಿಲ್ಲ.

ಎರಡೂವರೆ ಕ್ಯಾನು ಹಿಡಿಯಿತು.
"ಹೆಚ್ಚಾದರೆ ತಂಪು ಕಮ್ಮಿಯಾಗುತ್ತೆ" ಎಂದು
ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಿ,
ಕೆನೆಯ ಹದ ನೋಡುವ ಥರ್ಮಾಮೀಟರನ್ನು
ಗಾಳಿಯ ಜಾಲರಿಗೆ ಸಿಕ್ಕಿಸಿದಳು.
ಮೂವತ್ತು. ಹತ್ತೊಂಬತ್ತು.
ಹನ್ನೊಂದು.
ಎಂಟು.
ರಾತ್ರಿ ಎರಡಕ್ಕೆ ಬಾಗಿಲು ಹಾಕಿಕೊಂಡು
ನಡುಗುತ್ತ ಟಾಕೋ ತಿಂದೆವು.

ಶನಿವಾರ ಕೇಕು ನೆಟ್ಟಗೆ ಇಳಿಯಿತು.
ಒಂದು ಎಸಳೂ ಜಾರಿರಲಿಲ್ಲ.
ದೀಪ ಆರಿಸಿ, ನೇರಳೆ ಬೆಳಕು ಹಾಕಿ ಕುಣಿತ ಶುರುವಾದಾಗ
ಬಿಳಿ ಅಂಗಿಗಳೆಲ್ಲ ಹೊತ್ತಿಕೊಂಡವು.
ಕೇಕು ಕತ್ತರಿಸುತ್ತಿದ್ದ ಚಿಕ್ಕಮ್ಮನ ಕೈ ನೋಡಿದೆ:
ಎಷ್ಟು ಉಜ್ಜಿದ್ದಳೋ, ಆದರೂ
ಉಗುರಿನ ಸುತ್ತ ಹಸಿರು ಗೆರೆ.
ಯಾರೆಲಿ ನನ್ನತ್ತ ಬೆರಳು ಮಾಡಿ ನಕ್ಕಳು.
ನಾನೂ ಎಲ್ಲೋ ಸೋರುತ್ತಿರುವವನಂತೆ
ನನ್ನ ಕೆನ್ನೆಯ ಮೇಲೊಂದು ಹೆಬ್ಬೆಟ್ಟಿನ ಗುರುತು ಹೊಳೆಯುತ್ತಿತ್ತು:

ಟಾರ್ಚು ನೆಟ್ಟಗೆ ಹಿಡಿ ಎಂದು
ಅವಳು ನನ್ನ ಮುಖ ತಿರುಗಿಸಿದ ಜಾಗ.