ತಲೆಬರಹ

ನೊಲ್ಬೆರ್ತೊ ಬಹಮೊಂದೆಯ ಪಿಕಪ್ಪು ಬುಧವಾರ ಬೆಳಿಗ್ಗೆ
ಎಡಹಿಂಗಾಲು ಎಳೆಯುತ್ತಾ ನನ್ನ ತಗಡಿನ ಶೆಡ್ಡಿಗೆ ಬಂತು.
ಹಿಂದೆ ಹಸಿ ಕಡಲಪಾಚಿಯ ಮೂಟೆಗಳು,
ಅವುಗಳಿಂದ ಸೋರಿ ಸೋರಿ
ಕಮಾನು ಪಟ್ಟಿಯ ಮೇಲೆ ಹನಿಯುವ ಸಮುದ್ರ.
"ನಾಲ್ಕರ ಫೆರಿಗೆ ಹೋಗಲೇಬೇಕು, ಎಲ್ಸೀರಾ.
ಒಂದೇ ಒಂದು ಬೋಲ್ಟು."

ಒಂದೇ ಒಂದು ಬೋಲ್ಟು.
ಚಿಲೊಯೆಯಲ್ಲಿ ಎಲ್ಲರೂ ಹೀಗೆಯೇ ಹೇಳುವುದು.

ಅಂಗಾತ ಮಲಗಿ ಅಡಿಗೆ ಜಾರಿದೆ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇದು ಎರಡನ್ನೂ ಒಂದೇ ಬಾಯಲ್ಲಿ ಮುಗಿಸಿ
ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ.
ತಂತಿ ಬ್ರಷ್ಷಿನಿಂದ ಉಜ್ಜಿದರೆ
ಚಕ್ಕೆ ಚಕ್ಕೆ ಕೆಂಪು, ಕಣ್ಣಿಗೆ, ಬಾಯಿಗೆ.

ಆರು ಮೂಲೆಯ ತಲೆ ಈಗ ಸಣ್ಣ ಆಲೂಗಡ್ಡೆಯ ಹಾಗೆ ದುಂಡು.
ಅದರ ಮೇಲೆ ಯಾರ್ಯಾರ ಕೈಬರಹ ಓದಬಹುದು:
ಇದು ಅಳತೆ ತಪ್ಪಿದ ಸ್ಪ್ಯಾನರು, ನೊಲ್ಬೆರ್ತೊನದೇ.
ಇದು ಪೈಪು ಹಿಡಿಯುವ ಇಕ್ಕುಳದ ಹಲ್ಲು,
ಅವನ ಭಾವ ಉಲ್ದರೀಕೊನದು, ಕುಡಿದಾಗ.
ಈ ಉಳಿಯ ಗಾಯ ಮಾತ್ರ
ಸಿಟ್ಟಿನಲ್ಲಿ ಆದದ್ದು, ಕೆಲಸದಲ್ಲಿ ಅಲ್ಲ.
ತಲೆಬರಹ ಎಂದರೆ ಇದೇ ಇರಬೇಕು:
ತಾಳ್ಮೆ ಕೆಟ್ಟವರು ಸಾಲಾಗಿ ಬಂದು
ಒಬ್ಬರ ಮೇಲೊಬ್ಬರು ಗೀಚಿ ಹೋದದ್ದು.

ಎಣ್ಣೆ ಬಿಟ್ಟೆ. ಮಾಟೆ ಎಲೆಯ ಕಷಾಯ ಕುಡಿದೆ. ಮತ್ತೆ ಬಿಟ್ಟೆ.
ಬೆಂಕಿ ಹಿಡಿದೆ, ರಬ್ಬರು ಕಮಟುವಷ್ಟು.
ಕಾದ ಕಬ್ಬಿಣಕ್ಕೆ ಮೇಣದಬತ್ತಿ ತಾಗಿಸಿದರೆ
ಮೇಣ ತಾನೇ ದಾರಿ ಹುಡುಕಿಕೊಂಡು ಒಳಗಿಳಿಯುತ್ತದೆ;
ಇದ್ದದ್ದು ಇಗರ್ಜಿಯಿಂದ ತಂದ ತುಂಡು,
ಅದೂ ಹೋಯಿತು.
ಒಂದಳತೆ ಸಣ್ಣ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ
ತಿರುಗಿಸಿದೆನೋ ಇಲ್ಲವೋ, ನೊಲ್ಬೆರ್ತೊ ಕೂಗಿದ:
"ಅಯ್ಯೋ, ಬಿಗಿ ಮಾಡುತ್ತಿದ್ದೀಯಲ್ಲೇ!"
ಹೌದು. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯಬೇಕು,
ಹಟಮಾರಿಗೆ ಮೊದಲು "ನೀನು ಹೇಳಿದ್ದೇ ಸರಿ" ಅಂದಹಾಗೆ.

ಆಮೇಲೆ ಕಾಲು ಸುತ್ತು ಬಿಚ್ಚಿತು.
ಉಸಿರು ಬಿಟ್ಟೆ, ಕೈ ಸಡಿಲಿಸಿದೆ.
ಕಾಲು ಸುತ್ತೂ ಹಿಂದಕ್ಕೆ ಬಂತು.
ಬೋಲ್ಟು ಬಿಚ್ಚಿರಲಿಲ್ಲ. ಒಳಗಿನ ಕೊಳವೆಯನ್ನು ಅಪ್ಪಿಕೊಂಡು
ಸುತ್ತಲಿನ ರಬ್ಬರನ್ನು ಹಿಂಡಿತ್ತು, ಅಷ್ಟೇ.
ಎಲ್ಲದಕ್ಕೂ ತಲೆದೂಗಿ
ಎದ್ದು ಹೋಗಿ ತಮ್ಮ ಪಾಡಿಗೆ ಇರುವವರ ಹಾಗೆ.

ಮೂರೂ ಇಪ್ಪತ್ತಕ್ಕೆ ತಲೆ ಟಪ್ಪೆಂದು ಹಾರಿ
ಶೆಡ್ಡಿನ ತಗಡಿಗೆ ಬಡಿಯಿತು.
ನೊಲ್ಬೆರ್ತೊ ಗಡಿಯಾರ ನೋಡುವುದನ್ನು ಬಿಟ್ಟ.

ಇನ್ನುಳಿದದ್ದು ಗರಗಸ. ಎರಡೂ ಕಡೆ,
ರಬ್ಬರಿಗೂ ಪಟ್ಟಿಗೂ ನಡುವಿನ ಸಂದಿಯಲ್ಲಿ,
ಹಿಂದೆ ಮುಂದೆ, ಹಿಂದೆ ಮುಂದೆ,
ಬ್ಲೇಡು ಮುರಿದು, ಇನ್ನೊಂದು.
ಕೊಲ್ಲಿಯ ಕಡೆಯಿಂದ ಫೆರಿ ಕೂಗಿಕೊಂಡಿತು.
ಉಪ್ಪುಂಡ ಮನೆಗೆ ಎರಡು ಬಗೆಯದ ಬೋಲ್ಟು
ತುಂಡು ತುಂಡಾಗಿ ಬಿತ್ತು,
ನಡುವಿನ ತುಂಡು ಆಗಲೂ ಕೊಳವೆ ಬಿಡದೆ.

ನಟ್ಟಿದ್ದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದೆ, ಬಯ್ಯಲು.
ಬೆಳಗಿನಿಂದ ಬಯ್ಯುತ್ತಲೇ ಇದ್ದೆನಲ್ಲ,
ಯಾವ ತಲೆಕೆಟ್ಟವನು ಗ್ರೀಸು ಸವರದೆ ಬಿಗಿದನೋ ಅಂತ.
ತುಕ್ಕಿನಡಿ, ಉಗುರಿನಷ್ಟು, ಹಳದಿ ಬಣ್ಣ.
ದೋಣಿಗೆ ಬಳಿದು ಉಳಿದ ಹಳದಿ.
ಬಿಗಿದಾದ ನಟ್ಟಿಗೆ ಗುರುತಿಗೆಂದು ಹಾಗೆ ಬೊಟ್ಟಿಡುವುದು
ಈ ದ್ವೀಪದಲ್ಲಿ ಒಬ್ಬಳೇ.

ಹದಿನಾಲ್ಕು ವರ್ಷವಾಯಿತು. ಪಿಕಪ್ಪು ಆಗ ಅವನ ಚಿಕ್ಕಪ್ಪನದು.
ಆವತ್ತೂ ನಾಲ್ಕಕ್ಕೆ ಒಂದು ಫೆರಿ ಇತ್ತು.
ಗ್ರೀಸಿನ ಡಬ್ಬಿ ಎದ್ದು ಎರಡು ಹೆಜ್ಜೆ ಆಚೆ, ಕಪಾಟಿನಲ್ಲಿತ್ತು.

ತುಂಡನ್ನು ಜೇಬಿಗೆ ಹಾಕಿಕೊಂಡೆ.
ಹೊಸ ಬೋಲ್ಟಿಗೆ ಗ್ರೀಸು ಮೆತ್ತಿದೆ,
ಅಮ್ಮ ನೋಡದಾಗ ಬ್ರೆಡ್ಡಿಗೆ ಬೆಣ್ಣೆ ಮೆತ್ತುವ ಮಗುವಿನ ಹಾಗೆ.
"ಇಷ್ಟೊಂದು ಯಾಕೆ, ಮತ್ತೆ ಬಿಚ್ಚುವುದಿದೆಯೇ?" ಅಂದ ನೊಲ್ಬೆರ್ತೊ.
ಲೆಕ್ಕ ಕೇಳಿದ. ಅರ್ಧ ಹೇಳಿದೆ.
ಉಲ್ದರೀಕೊನ ಇಕ್ಕುಳವನ್ನು ಇನ್ನೂ ಬಯ್ಯುತ್ತಾ
ನೋಟು ಎಣಿಸಿಕೊಟ್ಟ.
ಬಯ್ಯಲಿ ಅಂತ ಬಿಟ್ಟೆ.

ಮುಂದಿನ ಫೆರಿ ಏಳಕ್ಕೆ.
ಮೂಟೆಗಳಿಂದ ಸೋರಿ, ಹೊಸ ಬೋಲ್ಟಿನ ಮೇಲೆ
ಆಗಲೇ ಹನಿಯತೊಡಗಿತ್ತು ಸಮುದ್ರ.