ಸುಳ್ಳು ಕಳ್ಳ

ಶನಿವಾರ, ಗೋಣಿಕೊಪ್ಪ. ಸಹಕಾರ ಸಂಘದ ಷಟರ್ ಅರ್ಧ ಎಳೆದು
ಆ ಬೆಳಗಿನ ಮಟ್ಟಿಗೆ ನಾನೇ ಕಳ್ಳನಾದೆ.
ಆರು ಪರದೆಗಳ ಮೇಲೆ ಆರು ಚೀಟಿ ಅಂಟಿಸಿದೆ:
"ನಿಮ್ಮ ಕಡತಗಳಿಗೆಲ್ಲ ಬೀಗ ಬಿದ್ದಿದೆ. ನಾಳೆಯೊಳಗೆ ಹಣ."
ಮ್ಯಾನೇಜರ್ ಉತ್ತಯ್ಯ ಓದಿ, ಪೆನ್ನು ತೆಗೆದು
ನನ್ನದೊಂದು ಒತ್ತಕ್ಷರ ತಿದ್ದಿದರು.
ಕಳ್ಳನೂ ಶುದ್ಧವಾಗಿ ಬರೆಯಬೇಕಂತೆ.

ಮೊದಲು ನಗು. ಆಮೇಲೆ ಗಡಿಯಾರ.
ಕೇಬಲ್ ಕೀಳುವುದೋ, ಸ್ವಿಚ್ ಆರಿಸುವುದೋ?
ಆರಿಸಿದರೆ ಸುಳಿವೂ ಆರಿಹೋಗುತ್ತದೆಯಂತೆ,
ದೇಚಮ್ಮ ತರಬೇತಿಯಲ್ಲಿ ಕೇಳಿದ್ದಳು, ಅರ್ಧ ಮರೆತಿದ್ದಳು.
ಮೊದಲ ಫೋನು ಯಾರಿಗೆ?
ಯಾರಿಗೆಂದು ಎಲ್ಲರಿಗೂ ಗೊತ್ತು. ನಂಬರು ಮಾತ್ರ
ಬೀಗ ಬಿದ್ದ ಕಂಪ್ಯೂಟರಿನೊಳಗೆ.

ಅಷ್ಟರಲ್ಲಿ ಷಟರಿನಡಿ ಬಗ್ಗಿ ಬಂದರು ತಿತಿಮತಿಯ ಐಸಮ್ಮ,
ಎರಡು ಚೀಲ ಕರಿಮೆಣಸಿನ ರಸೀದಿ ಹಿಡಿದು.
"ಇವತ್ತು ಆಗಲ್ಲ ಐಸಮ್ಮ, ಕಳ್ಳ ಬಂದಿದ್ದಾನೆ. ಸುಳ್ಳು ಕಳ್ಳ."
"ಸುಳ್ಳು ಕಳ್ಳನಿಗೆ ನನ್ನ ನಿಜದ ಮೆಣಸು ಯಾಕಪ್ಪ?"
ನನ್ನ ಹಾಳೆಯಲ್ಲಿ ಈ ಪ್ರಶ್ನೆ ಇರಲಿಲ್ಲ.

ಗೋದಾಮಿನ ಮುತ್ತ ಮಾತಾಡದೆ ಬಾಗಿಲು ತಿರುಗಿಸಿದ.
ಹಿಂಬದಿಗೆ ಸೀಮೆಸುಣ್ಣದಲ್ಲಿ ಐದು ನಂಬರು:
ಅರಣ್ಯ ಠಾಣೆ, ಜೀಪಿನವನು, ಪಟಾಕಿ ಇಟ್ಟವನು,
ಲೈನ್‌ಮನೆಯ ಇಬ್ಬರು.
"ಆನೆ ಬಂದಾಗ ಕರೆಂಟೂ ಇರಲ್ಲವಲ್ಲ" ಎಂದ.

ಅದರ ಕೆಳಗೆ ನಮ್ಮವನ್ನೂ ಬರೆಯತೊಡಗಿದೆವು.
ಎಂಟನೆಯದಕ್ಕೆ ಸೀಮೆಸುಣ್ಣ ಮುಗಿಯಿತು.
ಐಸಮ್ಮನ ಲೆಕ್ಕವನ್ನು ಉತ್ತಯ್ಯ ಕೈಯಲ್ಲೇ ಹಾಕಿದರು,
ಎರಡು ಸಲ ತಪ್ಪಿ, ಮೂರನೆಯ ಸಲ ಸರಿ ಬಂತು.
ನಾನು ಬರೆದುಕೊಂಡೆ: ನಲವತ್ತೊಂದು ನಿಮಿಷ.

ಚೀಟಿಗಳನ್ನು ಕಿತ್ತೆ. ಒಂದು ಮಾತ್ರ ಪೂರ್ತಿ ಬರಲಿಲ್ಲ,
ಗೋಂದು ಹೆಚ್ಚಾಗಿತ್ತು.
ದೇಚಮ್ಮನ ಪರದೆಯ ಮೂಲೆಯಲ್ಲಿ ಇನ್ನೂ ಇದೆ,
"ನಾಳೆಯೊಳಗೆ".